ಶುಕ್ರವಾರದ ಇಲಿಮರಿ

ಮಾರ್ಚ್ 3, 2019, ಭಾನುವಾರ

ಅಪ್ಪ,

ಐದು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಜೈಲಿನ ಮುದ್ರೆ ನೋಡಿ ಒಡೆಯದೆ ಎಸೆಯಬೇಡ. ಇದರಲ್ಲಿ ನನ್ನ ವಿಷಯ ಏನೂ ಇಲ್ಲ. ಹಾವಿನ ವಿಷಯ ಇದೆ.

ನನ್ನ ಜೊತೆ ಮನೆ ಹಂಚಿಕೊಂಡಿದ್ದ ಕೇಸಿ ಊರು ಬಿಟ್ಟು ಟೆನೆಸಿಗೆ ಹೋಗುತ್ತಿದ್ದಾಳೆ. ಹಾವನ್ನು ಜೊತೆಗೆ ಒಯ್ಯುವುದಿಲ್ಲವಂತೆ. ನಿನ್ನ ಜಗಲಿಯ ಮೇಲೆ ಇಟ್ಟು ಹೋಗು ಅಂತ ನಾನೇ ಹೇಳಿದೆ. ಬೇರೆ ಯಾರಿಗೆ ಹೇಳಲಿ.

ಅದು ಕಾರ್ನ್ ಸ್ನೇಕ್. ನೀನು ಶೆಡ್ಡಿನ ಹಿಂದೆ ಕಂಡಕಂಡಾಗ ಗುದ್ದಲಿಯಿಂದ ಎರಡು ತುಂಡು ಮಾಡುತ್ತಿದ್ದೆಯಲ್ಲ, ಅದೇ ಜಾತಿ. ವಿಷ ಇಲ್ಲ. ಎಂಟು ತಿಂಗಳ ಮರಿ, ಒಂದೂವರೆ ಅಡಿ, ನಿನ್ನ ಪೆನ್ಸಿಲ್ಲಿನಷ್ಟು ದಪ್ಪ. ಹೆಸರು ಪಿಮೆಂಟೊ. ಗಾಜಿನ ಪೆಟ್ಟಿಗೆಯ ಅಡಿಗೆ ಬಿಸಿ ಪ್ಯಾಡ್ ಇದೆ, ಅದರ ವೈರು ಕೀಳಬೇಡ. ನೀರು ದಿನಾ ಬದಲಿಸು. ಪ್ರತಿ ಶುಕ್ರವಾರ ಒಂದು ಇಲಿಮರಿ, ಕೂದಲು ಮೂಡದ್ದು. ಫ್ರೀಜರಿನಲ್ಲಿಡುವ ಪೊಟ್ಟಣ ಕೇಸಿ ಕೊಡುತ್ತಾಳೆ. ಬಿಸಿ ನೀರಿನಲ್ಲಿ ಇಳಿಸಿ, ಮೈ ಬೆಚ್ಚಗಾದ ಮೇಲೆ ಇಕ್ಕಳದಲ್ಲಿ ಹಿಡಿದು ಕೊಡು. ಆಮೇಲೆ ಎರಡು ದಿನ ಮುಟ್ಟಬೇಡ. ಗಾಜಿಗೆ ಅಂಟಿಸಿದ ಚೀಟಿಯಲ್ಲಿ ತಾರೀಕು ಹಾಕಿ ಬರೆ: ತಿಂತು, ಇಲ್ಲವೇ ಬೇಡ.

ಶುಕ್ರವಾರ ತಪ್ಪಿಸಬೇಡ. ಏನೇ ಆದರೂ. ನನಗೆ ಇನ್ನು ಹದಿನೆಂಟು ತಿಂಗಳಿದೆ. ಹೊರಗೆ ನನ್ನದು ಅಂತ ಉಳಿದಿರುವುದು ಅದೊಂದೇ. ಸಾಯಿಸಬೇಡ.

ಟ್ರೀನಾ


ಮಾರ್ಚ್ 17, 2019, ಭಾನುವಾರ

ಟ್ರೀನಾ,

ನಿನ್ನ ಹುಳ ಬಂದಿದೆ. ಆ ಹುಡುಗಿ ಬಾಗಿಲು ತಟ್ಟಲೂ ಇಲ್ಲ, ಪೆಟ್ಟಿಗೆ ಇಟ್ಟು ಕಾರು ಹತ್ತಿದಳು. ನಾನು ಹತ್ತು ನಿಮಿಷ ಅದನ್ನು ನೋಡುತ್ತ ನಿಂತಿದ್ದೆ. ಗುದ್ದಲಿ ಶೆಡ್ಡಿನಲ್ಲೇ ಇದೆ, ಇಷ್ಟು ಹೇಳಿದರೆ ಸಾಕು.

ಈಗ ಅಡುಗೆಮನೆಯಲ್ಲಿ ನಿಮ್ಮಮ್ಮನ ಹೊಲಿಗೆ ಮಿಷನ್ನಿನ ಮೇಲೆ ಇಟ್ಟಿದ್ದೇನೆ. ಅವಳು ಬದುಕಿದ್ದರೆ ನಮ್ಮಿಬ್ಬರನ್ನೂ ಅಂಗಳಕ್ಕೆ ಅಟ್ಟುತ್ತಿದ್ದಳು. ಇಲಿಮರಿಗಳು ಫ್ರೀಜರಿನಲ್ಲಿ ಜಿಂಕೆ ಮಾಂಸದ ಪಕ್ಕ ಇವೆ. ಅರವತ್ತಾರು ವರ್ಷ ಬದುಕಿದ್ದು ಈ ಭಾಗ್ಯಕ್ಕೆ.

ಹದಿನೈದನೇ ತಾರೀಕು ಶುಕ್ರವಾರ ಕೊಟ್ಟೆ. ತಿಂತು. ಚೀಟಿಯಲ್ಲಿ ಬರೆದಿದ್ದೇನೆ. ಶುಕ್ರವಾರ ನನಗೆ ಬೇರೆ ಕೆಲಸವಿರುತ್ತದೆ, ಆದ್ದರಿಂದ ಸಂಜೆ ಕೊಡುತ್ತೇನೆ. ಮೂವತ್ತೊಂದು ವರ್ಷ ರೈಲ್ವೆ ಯಾರ್ಡಿನಲ್ಲಿ ದುಡಿದವನು ನಾನು. ಚೀಟಿಯಲ್ಲಿ ಏನು ಬರೆದಿದೆಯೋ ಅದು ನಡೆಯುತ್ತದೆ. ಆ ಚಿಂತೆ ಬೇಡ.

ಚರ್ಚಿಗೆ ಹೋಗುತ್ತಿದ್ದೇನೆ. ಹಿಂದಿನ ಸಾಲಿನಲ್ಲಿ ಕೂರುತ್ತೇನೆ.

ಆಲ್ಟನ್ ಹರ್ಸಿ


ಏಪ್ರಿಲ್ 1, 2019, ಸೋಮವಾರ

ಟ್ರೀನಾ,

ಹುಳಕ್ಕೆ ಹುಷಾರಿಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಇಪ್ಪತ್ತೆರಡನೇ ತಾರೀಕು ಕೊಟ್ಟೆ, ಮುಖ ತಿರುಗಿಸಿತು. ರಾತ್ರಿಯೆಲ್ಲ ಪೆಟ್ಟಿಗೆಯಲ್ಲೇ ಬಿಟ್ಟೆ, ಮುಟ್ಟಲಿಲ್ಲ. ಬೇಡ ಅಂತ ಬರೆದೆ. ಆ ವಾರ ಅದರ ಬಣ್ಣ ಇಳಿಯಿತು. ಕಿತ್ತಳೆ ಇದ್ದದ್ದು ಬೂದಿಯಾಯಿತು. ಕಣ್ಣೆರಡೂ ಹಾಲಿನ ಹಾಗಾದವು. ಇಪ್ಪತ್ತೊಂಬತ್ತು ಮತ್ತೆ ಶುಕ್ರವಾರ. ನೀನು "ಏನೇ ಆದರೂ" ಅಂತ ಬರೆದಿದ್ದೆ. ನಾನು ಇಲಿಮರಿಯನ್ನು ಇಕ್ಕಳದಲ್ಲಿ ಹಿಡಿದು ಅದರ ಮೂತಿಗೆ ತಟ್ಟಿದೆ. ನಲವತ್ತು ನಿಮಿಷ ತಟ್ಟಿದೆ. ಕೊನೆಗೆ ಸಿಟ್ಟು ಬಂದು ಕಚ್ಚಿತು, ಕಚ್ಚಿದ್ದನ್ನು ನುಂಗಿತು. ತಿಂತು ಅಂತ ಬರೆದೆ.

ನಿನ್ನೆ ಬೆಳಿಗ್ಗೆ ನೋಡಿದರೆ ಅದನ್ನು ಕಾರಿಬಿಟ್ಟಿದೆ. ವಾಸನೆ ಬರೆಯುವಂಥದ್ದಲ್ಲ. ಹುಳ ಒಂದು ಮೂಲೆಯಲ್ಲಿ ಬಿದ್ದಿದೆ. ಕಣ್ಣು ಕುರುಡಾಗಿದೆ ಅಂತ ಕಾಣುತ್ತದೆ. ಇಲ್ಲಿಯ ದನದ ಡಾಕ್ಟರನ್ನು ಕೇಳಿದೆ, ಅವನು ಫೋನಿನಲ್ಲೇ ನಕ್ಕ.

ಮತ್ತೆ ಯಾವಾಗ ಕೊಡಲಿ? ಬೇಗ ತಿಳಿಸು. ನಿನ್ನ ಮಾತು ಮೀರಿಲ್ಲ ನಾನು.

ಆಲ್ಟನ್ ಹರ್ಸಿ


ಏಪ್ರಿಲ್ 2, 2019, ಮಂಗಳವಾರ

ಅಪ್ಪ,

ನಿನ್ನ ಮಾರ್ಚ್ ಹದಿನೇಳರ ಕಾಗದ ನಿನ್ನೆ ಸಿಕ್ಕಿತು. ಈಗ ನಮ್ಮ ಕಾಗದಗಳು ನೇರ ಇಲ್ಲಿಗೆ ಬರುವುದಿಲ್ಲ. ಬೇರೆ ಯಾವುದೋ ಊರಿಗೆ ಹೋಗಿ, ಅಲ್ಲಿ ನಕಲು ತೆಗೆದು, ನಕಲು ಮಾತ್ರ ನಮಗೆ ಕೊಡುತ್ತಾರೆ. ಎರಡು ವಾರ ಹಿಡಿಯುತ್ತದೆ.

ತಿಂತು ಅಂತ ಓದಿದೆ. ಥ್ಯಾಂಕ್ಸ್. ಹೀಗೇ ನಡೆಸು. ಶುಕ್ರವಾರ ತಪ್ಪಿಸಬೇಡ.

ನನ್ನ ವಿಷಯ ಏನೂ ಇಲ್ಲ. ಬೆಳಿಗ್ಗೆ ಏಳುತ್ತೇನೆ, ಎಣಿಸುತ್ತಾರೆ. ಬಟ್ಟೆ ಒಗೆಯುವ ಕೆಲಸ. ಮತ್ತೆ ಎಣಿಸುತ್ತಾರೆ. ಮೊದಲು ರಾತ್ರಿ ಅಳು ಬರುತ್ತಿತ್ತು, ಈಗ ಅದೂ ಬರುವುದಿಲ್ಲ. ಒಳ್ಳೆಯದೇ. ಊಟ ಸರಿಯಿದೆ.

ಟ್ರೀನಾ


ಏಪ್ರಿಲ್ 14, 2019, ಭಾನುವಾರ

ಅಪ್ಪ,

ಕೊಡಬೇಡ. ಏನೂ ಕೊಡಬೇಡ.

ನಿನ್ನೆ ನಿನ್ನ ಕಾಗದ ಸಿಕ್ಕಿತು. ಅದು ಕುರುಡಾಗಿಲ್ಲ, ಪೊರೆ ಬಿಡುತ್ತಿತ್ತು. ಎಳೆಯ ಹಾವು ಐದಾರು ವಾರಕ್ಕೊಮ್ಮೆ ಪೊರೆ ಬಿಡುತ್ತದೆ. ಮೊದಲು ಕಣ್ಣು ಹಾಲಾಗುತ್ತದೆ, ಆಗ ಅದಕ್ಕೆ ಏನೂ ಕಾಣುವುದಿಲ್ಲ, ಹೆದರಿರುತ್ತದೆ, ಹಸಿವಿರುವುದಿಲ್ಲ. ಆಗ ಊಟ ತೋರಿಸಲೂಬಾರದು. ನೀರಿಡಬೇಕು, ಒದ್ದೆ ಪಾಚಿ ತುಂಬಿದ ಡಬ್ಬಿ ಇಡಬೇಕು, ಮುಚ್ಚಳ ಹಾಕಿ ಸುಮ್ಮನಿರಬೇಕು. ಕಣ್ಣು ತಿಳಿಯಾಗಿ ಎರಡು ದಿನಕ್ಕೋ ನಾಲ್ಕು ದಿನಕ್ಕೋ ಪೊರೆ ಬೀಳುತ್ತದೆ. ಹಸಿವಾದಾಗ ಅದೇ ತಲೆ ಎತ್ತುತ್ತದೆ.

ಇದನ್ನು ಮೊದಲ ಕಾಗದದಲ್ಲೇ ಬರೆಯಬೇಕಿತ್ತು. ಮರೆತೆ. "ಏನೇ ಆದರೂ" ಅಂತ ಬರೆದವಳೂ ನಾನೇ.

ಕಾರಿದ ಮೇಲೆ ಹದಿನಾಲ್ಕು ದಿನ ಹೊಟ್ಟೆ ಖಾಲಿ ಇರಬೇಕು. ಅಷ್ಟರೊಳಗೆ ಕೊಟ್ಟರೆ ಮತ್ತೆ ಕಾರುತ್ತದೆ, ಎರಡನೇ ಸಲ ಕಾರಿದ ಮರಿ ಉಳಿಯುವುದು ಕಷ್ಟ. ಆಮೇಲೆ ಪೊಟ್ಟಣದಲ್ಲಿ ಎಲ್ಲಕ್ಕಿಂತ ಚಿಕ್ಕ ಇಲಿಮರಿ ಹುಡುಕಿ ಕೊಡಬೇಕು.

ಆದರೆ ನನ್ನ ಎರಡನೇ ತಾರೀಕಿನ ಕಾಗದ ನಿನ್ನ ಕೈಗೆ ಬಂದಿರುತ್ತದೆ. ಅದರಲ್ಲಿ ಶುಕ್ರವಾರ ತಪ್ಪಿಸಬೇಡ ಅಂತ ಮತ್ತೆ ಬರೆದಿದ್ದೇನೆ. ಐದನೇ ತಾರೀಕು ಹೋಯಿತು, ಹನ್ನೆರಡೂ ಹೋಯಿತು. ನೀನು ಚೀಟಿ ನೋಡಿ ಕೊಟ್ಟಿರುತ್ತೀಯ. ಹುಟ್ಟಿದಾಗಿನಿಂದ ನೀನು ನನ್ನ ಮಾತು ಕೇಳಿದ್ದು ಇದೇ ಮೊದಲ ಸಲ. ಅದೂ ತಪ್ಪು ಮಾತು.

ಸತ್ತಿದ್ದರೆ ಸತ್ತಿತು ಅಂತ ಬರೆ. ಬೇರೆ ಏನೂ ಬರೆಯಬೇಡ.

ಟ್ರೀನಾ


ಏಪ್ರಿಲ್ 21, 2019, ಈಸ್ಟರ್ ಭಾನುವಾರ

ಟ್ರೀನಾ,

ನನ್ನ ಏಪ್ರಿಲ್ ಒಂದರ ಕಾಗದಕ್ಕೆ ಉತ್ತರ ಇನ್ನೂ ಬಂದಿಲ್ಲ. ನಿನ್ನ ಎರಡನೇ ತಾರೀಕಿನದು ಬಂತು. ಅಂಚೆ ಡಬ್ಬಿಯ ಹತ್ತಿರವೇ ನಿಂತು ಓದಿದೆ. ಶುಕ್ರವಾರ ತಪ್ಪಿಸಬೇಡ ಅಂತ ಅದರಲ್ಲಿತ್ತು.

ತಪ್ಪಿಸಿದೆ.

ಐದನೇ ತಾರೀಕು ಕೊಡಲಿಲ್ಲ. ಏಳಕ್ಕೆ ಚರ್ಚಿನಿಂದ ಬಂದು ನೋಡಿದರೆ ಹುಳ ಪೊರೆ ಬಿಟ್ಟಿತ್ತು. ಮೂತಿಯಿಂದ ಬಾಲದ ತುದಿಯವರೆಗೆ ಒಂದೇ ತುಂಡು, ಕಾಲುಚೀಲ ಕಳಚಿದ ಹಾಗೆ ಒಳಮಗ್ಗುಲು ಹೊರಗಾಗಿತ್ತು. ಹುಳ ನೀರಿನ ಬಟ್ಟಲ ಪಕ್ಕ ಹೊಸ ಬಣ್ಣ ಬಳಿದ ಹಾಗೆ ಮಲಗಿತ್ತು. ಕಣ್ಣು ಕರಿ ಮಣಿ. ನನ್ನನ್ನೇ ನೋಡಿತು. ಹನ್ನೆರಡಕ್ಕೂ ಕೊಡಲಿಲ್ಲ, ಹೊಟ್ಟೆ ಸುಧಾರಿಸಲಿ ಅಂತ. ಮೊನ್ನೆ ಗುಡ್ ಫ್ರೈಡೆ ಸಂಜೆ ಚಿಕ್ಕದೊಂದನ್ನು ಕೊಟ್ಟೆ. ತಿಂತು. ಇವತ್ತಿಗೆ ಎರಡು ದಿನವಾಯಿತು, ಹೊಟ್ಟೆಯಲ್ಲಿ ನಿಂತಿದೆ. ಚೀಟಿಯಲ್ಲಿ "ನಿಂತಿತು" ಅಂತ ಹೊಸದೊಂದು ಸಾಲು ಹಾಕಿದ್ದೇನೆ.

ನನಗೆ ಹೇಗೆ ತಿಳಿಯಿತು ಅಂತ ಕೇಳಬೇಡ. ಒಬ್ಬರು ಹೇಳಿದರು.

ಪೊರೆಯನ್ನು ಇದರೊಳಗೆ ಇಟ್ಟಿದ್ದೇನೆ. ನಾಜೂಕಾಗಿ ಬಿಡಿಸು.

ಆಲ್ಟನ್ ಹರ್ಸಿ


ಮೇ 5, 2019, ಭಾನುವಾರ

ಅಪ್ಪ,

ಕಾಗದದ ನಕಲು ಸಿಕ್ಕಿತು. ಪೊರೆ ಸಿಗಲಿಲ್ಲ. ಒಂದು ರಸೀದಿ ಕೊಟ್ಟರು: ಲಕೋಟೆಯಲ್ಲಿ ಗುರುತು ಸಿಗದ ಪ್ರಾಣಿಜನ್ಯ ವಸ್ತು ಇತ್ತು, ನಾಶಪಡಿಸಲಾಗಿದೆ. ಸಹಿ ಹಾಕಿದೆ.

ಬದುಕಿದೆ ಅಂತ ಓದಿದಾಗ ಖುಷಿಯಾಗಬೇಕಿತ್ತು. ಕಾದು ನೋಡಿದೆ, ಆಗಲಿಲ್ಲ. ಬೇಜಾರೂ ಆಗಲಿಲ್ಲ. ಕಾಗದ ಮಡಿಸಿ ದಿಂಬಿನ ಕೆಳಗಿಟ್ಟೆ. ಬಟ್ಟೆ ಒಗೆಯಲು ಹೋದೆ. ನೀನು ಬೇಜಾರು ಮಾಡಿಕೊಳ್ಳಬೇಡ, ಈಗ ನಾನು ಇರುವುದೇ ಹೀಗೆ.

ಇನ್ನು ಮೇಲೆ ನನ್ನನ್ನು ಕೇಳಬೇಡ. ನಾನು ಇಲ್ಲಿ ಕೂತು ಹೇಳಿದ್ದು ನಿನಗೆ ಮುಟ್ಟುವಷ್ಟರಲ್ಲಿ ಅಲ್ಲಿ ಬೇರೇನೋ ಆಗಿರುತ್ತದೆ. ನನ್ನ ಕೈಗೆ ಬಂದದ್ದೆಲ್ಲ ಹೀಗೇ. ಹೇಳಿಕೊಟ್ಟವರು ಯಾರೋ, ಅವರನ್ನೇ ಕೇಳು. ನಮ್ಮ ಚರ್ಚಿನವರು ಯಾರೂ ನಿನ್ನ ಮನೆಗೆ ಬರುವುದಿಲ್ಲ ಅಂತ ಗೊತ್ತು. ಅದು ಯಾರಿಂದ ಅಂತಲೂ ಗೊತ್ತು.

ಊಟ ಸರಿಯಿದೆ.

ಟ್ರೀನಾ

ಸಾರ್, ನಾನು ಶಾಂಡ್ರಾ, ಇವಳ ಮೇಲಿನ ಮಂಚದವಳು. ಡಬ್ಬಿಗೆ ಹಾಕು ಅಂತ ಕೊಟ್ಟಳು, ಅಂಟಿಸೋಕೆ ಮುಂಚೆ ಬರೀತಿದೀನಿ, ಅವಳಿಗೆ ಗೊತ್ತಿಲ್ಲ. ಊಟ ಸರಿಯಿದೆ ಅಂತ ಬರ್ದಿದಾಳಲ್ಲ, ಅದನ್ನ ಉಣ್ತಿರೋಳು ನಾನು. ನಾಲ್ಕು ವಾರದಿಂದ ತಟ್ಟೆ ಹಂಗೇ ನನ್ ಕಡೆ ತಳ್ತಾಳೆ. ನಾನು ದಪ್ಪ ಆದೆ, ಅವಳ ಪ್ಯಾಂಟು ಗಂಟು ಹಾಕಿದ್ರೆ ಮಾತ್ರ ನಿಲ್ಲತ್ತೆ. ಬೈದು ನೋಡ್ದೆ, ತುತ್ತು ಬಾಯಿ ಹತ್ರ ಹಿಡಿದೂ ನೋಡ್ದೆ. ವಾಂತಿ ಮಾಡ್ಕೊಂಡ್ಳು. ಇಲ್ಲಿ ಹೇಳಿದ್ರೆ ಬೇರೆ ಕಡೆ ಒಬ್ಬಳನ್ನೇ ಹಾಕ್ತಾರೆ, ಅದು ಇನ್ನೂ ಕೆಟ್ಟದ್ದು. ನಿಮಗೆ ತಿಳಿಸ್ಬೇಕು ಅನ್ನಿಸ್ತು.


ಮೇ 16, 2019, ಗುರುವಾರ

ಟ್ರೀನಾ,

ನಿನ್ನ ಏಪ್ರಿಲ್ ಹದಿನಾಲ್ಕರ ಬೈಗುಳದ ಕಾಗದ ಈಸ್ಟರ್ ಆದ ಮರುದಿನ ಬಂತು. ಸಿಟ್ಟು ಬರಲಿಲ್ಲ. ಬರೆದದ್ದೆಲ್ಲ ಸರಿಯಿತ್ತು. ಮೇ ಐದರದ್ದೂ ಬಂತು. ಕೊನೆಯ ಪುಟವನ್ನು ಎರಡು ಸಲ ಓದಿದೆ. ಅದರ ಕೆಳಗೆ ಶಾಂಡ್ರಾ ನಿನಗೆ ಗೊತ್ತಿಲ್ಲದೆ ನಾಲ್ಕು ಸಾಲು ಬರೆದಿದ್ದಾಳೆ, ನೀನು ಉಣ್ಣುತ್ತಿಲ್ಲ ಅಂತ. ಆ ಹುಡುಗಿಯ ಮೇಲೆ ರೇಗಬೇಡ.

ನಾನು ಹೇಳದೆ ಬಿಟ್ಟದ್ದು ಒಂದಿದೆ. ಹುಳದ ಕಣ್ಣಿನ ವಿಷಯ ಹೇಳಿದವರು ಮಿಸ್ ವೀಡಾ.

ಕಾಗದ ಕೆಳಗಿಡಬೇಡ, ಓದು.

ನೀನು ಅವರನ್ನು ನೋಡಿಕೊಳ್ಳುವ ಕೆಲಸಕ್ಕಿದ್ದಾಗ ಅವರ ನೋವಿನ ಮಾತ್ರೆ ಕದ್ದು ಆ ಸೀಸೆಗೆ ಕ್ಯಾಲ್ಸಿಯಂ ಮಾತ್ರೆ ತುಂಬಿಟ್ಟಿದ್ದೆ. ಸೊಂಟ ಆಪರೇಷನ್ ಆದ ಮುದುಕಿ ಹನ್ನೊಂದು ದಿನ ನರಳಿದರು. ಕೋರ್ಟಿನಲ್ಲಿ ಅದನ್ನು ಓದುವಾಗ ನಾನು ಎದ್ದು ಹೊರಗೆ ಹೋದೆ, ನಿನಗೆ ನೆನಪಿರಬೇಕು. ಆಮೇಲೆ ಪ್ರತಿ ಶುಕ್ರವಾರ ಹೋಗಿ ಅವರ ಅಂಗಳದ ಹುಲ್ಲು ಕತ್ತರಿಸುತ್ತಿದ್ದೇನೆ. ಕತ್ತರಿಸಲೇ ಅಂತ ಕೇಳಲೂ ಇಲ್ಲ. ಅವರೂ ಬೇಡ ಅನ್ನಲಿಲ್ಲ, ಬಾ ಅನ್ನಲಿಲ್ಲ. ಆರು ತಿಂಗಳು ಕಿಟಕಿಯಿಂದ ನೋಡಿದರು, ಅಷ್ಟೇ.

ಹುಳ ಕಾರಿದ ಮೇಲೆ ಬಂದ ಶುಕ್ರವಾರ ನಾನು ಹುಲ್ಲಿನ ಜೊತೆ ಅವರ ಹೂವಿನ ಪಾತಿಯನ್ನೂ ಕತ್ತರಿಸಿಬಿಟ್ಟೆ. ಆಗ ಬಾಗಿಲು ತೆಗೆದರು. "ಆಲ್ಟನ್, ನಿನ್ ತಲೆ ಎಲ್ಲಿದೆ?" ಅಂದರು. ಮಗಳ ಹಾವು ಕುರುಡಾಗಿ ಸಾಯ್ತಿದೆ ಅಂದೆ. ಬಾಯಿ ತಪ್ಪಿ ಬಂತು. ಒಳಗೆ ಹೋದರು. ಮುಗಿಯಿತು ಅಂದುಕೊಂಡೆ. ನೋಡಿದರೆ ಟೊಪ್ಪಿ ಹಾಕಿಕೊಂಡು ವಾಕರ್ ತಳ್ಳುತ್ತ ಹೊರಗೆ ಬಂದು ನನ್ನ ಟ್ರಕ್ಕಿನ ಹತ್ತಿರ ನಿಂತರು.

ನಮ್ಮ ಅಡುಗೆಮನೆಯಲ್ಲಿ ಗಾಜಿಗೆ ಮೂಗು ತಾಗಿಸಿ ನೋಡಿದರು. "ಇದ್ಯಾವ ಕುರುಡೂ ಅಲ್ಲ. ನಮ್ಮಪ್ಪನ ಜೋಳದ ಕಣಜದಲ್ಲಿ ಇಂಥವು ಮೂರು ಇದ್ವು. ಇಲಿ ಹಿಡೀಲಿ ಅಂತ ಬಿಟ್ಟಿದ್ದ. ಕಣ್ಣು ಹಿಂಗಾದಾಗ ಕಣಜದ ಬಾಗಿಲೇ ತೆಗೀತಿರ್ಲಿಲ್ಲ. ನಿನ್ ಇಕ್ಕಳ ಎತ್ತಿಡು" ಅಂದರು. ನಾನು ನಿನ್ನ ಕಾಗದ ತೋರಿಸಿದೆ, ಇಲ್ಲಿ ಏನೇ ಆದರೂ ಅಂತ ಬರೆದಿದೆ ಅಂತ. "ಬರ್ದೋಳು ಇಲ್ಲಿಲ್ಲ. ಹಾವು ಇಲ್ಲಿದೆ. ಯಾರ ಮುಖ ನೋಡ್ಬೇಕು ನೀನು?" ಅಂದರು. ಮೂವತ್ತೊಂದು ವರ್ಷದ ನೌಕರಿಯಲ್ಲಿ ಯಾರೂ ನನಗೆ ಹೀಗೆ ಹೇಳಿರಲಿಲ್ಲ.

ಈಗ ಶುಕ್ರವಾರ ಸಂಜೆ ಬರುತ್ತಾರೆ. ಇಲಿಮರಿಯನ್ನು ಅವರೇ ಬಿಸಿ ನೀರಿಗೆ ಬಿಡುತ್ತಾರೆ, ನನಗೆ ಹದ ಗೊತ್ತಿಲ್ಲವಂತೆ. ನಿನ್ನ ವಿಷಯ ಎತ್ತುತ್ತಿರಲಿಲ್ಲ. ಹೋದ ಭಾನುವಾರ ಶಾಂಡ್ರಾ ಬರೆದದ್ದನ್ನು ಅವರಿಗೆ ಓದಿ ಹೇಳಿದೆ. ಇನ್ನೊಮ್ಮೆ ಓದಿಸಿದರು. ಆಮೇಲೆ ಅಂದರು: "ನಾನು ಕ್ಷಮಿಸಿದೀನಿ ಅಂತ ಬರೀಬೇಡ. ಇನ್ನೂ ಇಲ್ಲ. ಮುಂದೆ ಆಗತ್ತೋ ಇಲ್ವೋ ಗೊತ್ತಿಲ್ಲ. ಆದ್ರೆ ಉಂಡ್ಲಾ ಅಂತ ಕೇಳು."

ಕೇಳುತ್ತಿದ್ದೇನೆ.

ಹುಳದ ಕಣ್ಣು ಸೋಮವಾರದಿಂದ ಮತ್ತೆ ಹಾಲಾಗಿದೆ. ನಾಳೆ ಶುಕ್ರವಾರ. ಕೊಡುವುದಿಲ್ಲ. ಪಾಚಿಯ ಡಬ್ಬಿ ಒದ್ದೆ ಮಾಡಿ ಇಟ್ಟಿದ್ದೇನೆ. ನಾನು ಅಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ಅದಕ್ಕೆ ನಾನು ಕಾಣುವುದಿಲ್ಲ, ಆದರೂ ಕೂರುತ್ತೇನೆ. ನೀನು ಹಾವು ಅಂತ ನಾನು ಹೇಳುತ್ತಿಲ್ಲ. ನನಗೆ ಅಂಥ ಮಾತೆಲ್ಲ ಬರುವುದಿಲ್ಲ. ಉಣ್ಣು ಉಣ್ಣು ಅಂತ ಮೂತಿಗೆ ತಟ್ಟಿದರೆ ಏನಾಗುತ್ತದೆ ಅಂತ ಒಮ್ಮೆ ನೋಡಿದ್ದೇನೆ, ಅಷ್ಟು ಹೇಳುತ್ತಿದ್ದೇನೆ.

ಭೇಟಿಯ ಪಟ್ಟಿಯಲ್ಲಿ ನನ್ನ ಹೆಸರು ನವೆಂಬರಿನಿಂದ ಇದೆ. ನೀನೇ ಹಾಕಿಸಿದ್ದೆ. ಜೈಲಿನವರು ಕಳಿಸಿದ ಕಾರ್ಡನ್ನು ಬೈಬಲಿನಲ್ಲಿಟ್ಟು ಮುಚ್ಚಿಬಿಟ್ಟೆ. ನಾಚಿಕೆಯಾಗಿತ್ತು. ನಿನ್ನಿಂದ ಅಂದುಕೊಂಡಿದ್ದೆ, ಬಹುಶಃ ನನ್ನಿಂದಲೇ. ಈಗ ಕಾರ್ಡು ಹೊರಗೆ ತೆಗೆದಿದ್ದೇನೆ. ಇಪ್ಪತ್ತೈದನೇ ತಾರೀಕು ಶನಿವಾರ ಬರುತ್ತೇನೆ. ಅಂಚೆಯ ಲೆಕ್ಕ ನನಗೂ ತಿಳಿದಿದೆ. ಈ ಕಾಗದ ನಿನಗೆ ಸಿಗುವಷ್ಟರಲ್ಲಿ ನಾನು ಬಂದು ಹೋಗಿರುತ್ತೇನೆ. ಮೊದಲೇ ತಿಳಿದರೆ ಬರಬೇಡ ಅನ್ನುತ್ತೀಯ.

ಮುಂದಿನ ಪೊರೆಯನ್ನು ಲಕೋಟೆಯಲ್ಲಿ ಕಳಿಸುವುದಿಲ್ಲ. ಕಾಗದದ ಮೇಲೆ ಹಾಸಿ ಸುತ್ತಲೂ ಪೆನ್ಸಿಲ್ ಎಳೆಯುತ್ತೇನೆ. ಪೆನ್ಸಿಲ್ ಗೆರೆಯನ್ನು ನಾಶಪಡಿಸುವುದಿಲ್ಲ ಅಂದುಕೊಂಡಿದ್ದೇನೆ.

ಅಪ್ಪ


ಜೂನ್ 2, 2019, ಭಾನುವಾರ

ಅಪ್ಪ,

ಬರೆಯಲು ಬರುತ್ತಿಲ್ಲ. ಚೀಟಿ ಹಾಕಿದ್ದೇನೆ, ಹಾವಿನ ಗಾಜಿಗೆ ಅಂಟಿಸಿದ ಚೀಟಿಯ ಹಾಗೇ.

ಮೇ 25, ಶನಿ. ಅಪ್ಪ ಬಂದ. ಇಸ್ತ್ರಿ ಮಾಡಿದ ಅಂಗಿ. ಒಂದು ಗಂಟೆಯಲ್ಲಿ ಹನ್ನೆರಡು ಮಾತು, ಎಣಿಸಿದೆ. ನಾಣ್ಯ ಹಾಕುವ ಯಂತ್ರದಿಂದ ಚಿಕನ್ ಸ್ಯಾಂಡ್‌ವಿಚ್ ತಂದು ಮೇಜಿನ ನಡುವೆ ಇಟ್ಟ. ನನ್ನ ಕಡೆ ತಳ್ಳಲಿಲ್ಲ. ಅರ್ಧ ಅವನು ತಿಂದ. ಇನ್ನರ್ಧ ಅಲ್ಲೇ ಇತ್ತು. ನಾನು ಎರಡು ತುತ್ತು.

ಮೇ 26, ಭಾನು. ಬೇಡ.

ಮೇ 27, ಸೋಮ. ಬೇಡ.

ಮೇ 28, ಮಂಗಳ. ಅಪ್ಪನ ಕಾಗದ ಬಂತು. ಮಿಸ್ ವೀಡಾ ಅಂತ ಇದ್ದಲ್ಲಿಗೆ ನಿಲ್ಲಿಸಿದೆ. ಶಾಂಡ್ರಾ ಮುಂದಿನದನ್ನು ಓದಿ ಹೇಳಿದಳು. ಅಳು ಬಂತು. ಬಹಳ ದಿನವಾಗಿತ್ತು. ಊಟ ಬೇಡ.

ಮೇ 29, ಬುಧ. ಗ್ರಿಟ್ಸ್ ಗಂಜಿ, ನಾಲ್ಕು ಚಮಚ. ಉಪ್ಪಿಲ್ಲ. ಕಾರಿದೆ.

ಮೇ 30, ಗುರು. ಬೇಡ. ಶಾಂಡ್ರಾ ಪಕ್ಕದಲ್ಲಿ ಕೂತಿದ್ದಳು.

ಮೇ 31, ಶುಕ್ರ. ಗ್ರಿಟ್ಸ್, ಎರಡು ಚಮಚ. ನಿಂತಿತು.

ಜೂನ್ 1, ಶನಿ. ಗ್ರಿಟ್ಸ್, ಅರ್ಧ ಬ್ರೆಡ್ಡು. ನಿಂತಿತು.

ಜೂನ್ 2, ಭಾನು. ಉಂಡಳು. ಮಿಸ್ ವೀಡಾ ಕೇಳಿದರೆ ಹೇಳು.